ಕರುಳಿನ ಕ್ಯಾನ್ಸರ್ ತಪಾಸಣೆ: ಕೊಡಗಿಗೆ ಯಾವ ದಾರಿ ಹೊಂದುತ್ತದೆ?

ಆರೋಗ್ಯ ಶಿಬಿರಗಳಿಗೆ ಕೊಡಗಿನಲ್ಲಿ ಬರವಿಲ್ಲ. ಕೊಡವ ಸಮಾಜ, ಗೌಡ ಸಮಾಜ, ಬೆಳೆಗಾರರ ಸಂಘ, ಪಂಚಾಯಿತಿ, ಯಾರಾದರೂ ಒಬ್ಬರು ನಡೆಸುತ್ತಲೇ ಇರುತ್ತಾರೆ. ಬಿಪಿ, ಶುಗರ್, ಕಣ್ಣು ಎಲ್ಲ ಆಯಿತು, ಇನ್ನು ಕರುಳಿನ ಕ್ಯಾನ್ಸರ್ ಟೆಸ್ಟನ್ನೂ ಇಡೋಣ, ಕಿಟ್ ಸಿಗುತ್ತದಂತೆ ಎಂದು ಯಾರಾದರೂ ಹೇಳಿದರೆ ಒಳ್ಳೆಯ ಯೋಚನೆಯೇ. ಆದರೆ ಕಿಟ್ ತರುವ ಮೊದಲು ಒಂದು ಪ್ರಶ್ನೆ ಇದೆ. ಪಾಸಿಟಿವ್ ಬಂದವರಿಗೆ ಕೊಲೊನೊಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಎಲ್ಲಿ, ಯಾವತ್ತು, ಯಾರ ಖರ್ಚಿನಲ್ಲಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಯಾವ ಟೆಸ್ಟ್ ಆರಿಸಿದರೂ ಒಂದೇ. ಹಾಗಾಗಿ ಇಲ್ಲಿ ಎಲ್ಲ ಆಯ್ಕೆಗಳನ್ನೂ ಆ ತುದಿಯಿಂದಲೇ ನೋಡುತ್ತಾ ಬಂದಿದ್ದೇನೆ.

ಮೊದಲು ನಮ್ಮ ಪರಿಸ್ಥಿತಿ. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಮೂರು ಕ್ಯಾನ್ಸರ್‌ಗಳ ತಪಾಸಣೆ ಇದೆ: ಬಾಯಿ, ಸ್ತನ, ಗರ್ಭಕೊರಳು. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುತ್ತಾರೆ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಪರೀಕ್ಷೆ ನಡೆಯುತ್ತದೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಆ ಪಟ್ಟಿಯಲ್ಲಿ ಇಲ್ಲ. ಇದಕ್ಕೆ ಕಾರಣ ಇಲ್ಲದಿಲ್ಲ. 2022ರ ಗ್ಲೋಬೋಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜಿನಲ್ಲಿ ಜಗತ್ತಿನಾದ್ಯಂತ ಈ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 19 ಲಕ್ಷ. ಅದರಲ್ಲಿ ಭಾರತದವರು ಸುಮಾರು 70 ಸಾವಿರ. 140 ಕೋಟಿ ಜನರ ದೇಶಕ್ಕೆ ಇದು ಸಣ್ಣ ಅಂಕಿ. ಯೂರೋಪಿನಲ್ಲಿ ಸಾವಿರ ಜನರನ್ನು ಪರೀಕ್ಷೆ ಮಾಡಿದರೆ ಸಿಗುವಷ್ಟು ರೋಗಿಗಳು ಇಲ್ಲಿ ಸಿಗುವುದಿಲ್ಲ. ಆದರೆ ಸಿಕ್ಕವರು ತಡವಾಗಿ ಬಂದಿರುತ್ತಾರೆ. ರಕ್ತ ಬಿದ್ದರೆ ಮೂಲವ್ಯಾಧಿ ಅಂದುಕೊಂಡು ವರ್ಷಗಟ್ಟಲೆ ನಾಟಿ ಮದ್ದು ತಿಂದವರು ಎಲ್ಲ ಊರಲ್ಲೂ ಇದ್ದಾರೆ.

ಈ ಕ್ಯಾನ್ಸರ್‌ಗೆ ತಪಾಸಣೆ ಕೆಲಸ ಮಾಡುವುದಕ್ಕೆ ಒಂದು ಕಾರಣ ಇದೆ. ಬಹುಪಾಲು ಇದು ಪಾಲಿಪ್ ಎಂಬ ಚಿಕ್ಕ ಗಂಟಿನಿಂದ ಶುರುವಾಗುತ್ತದೆ. ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಅಷ್ಟರೊಳಗೆ ಅದನ್ನು ಕತ್ತರಿಸಿ ತೆಗೆದರೆ ಆ ಗಂಟಿನಿಂದ ಕ್ಯಾನ್ಸರ್ ಬರುವುದೇ ಇಲ್ಲ. ದೊಡ್ಡ ಗಂಟು ಆಗಾಗ ಸ್ವಲ್ಪ ರಕ್ತ ಸೋರುತ್ತದೆ, ಕಣ್ಣಿಗೆ ಕಾಣದಷ್ಟು. ಆ ರಕ್ತವನ್ನು ಮಲದಲ್ಲಿ ಹುಡುಕುವುದು ಒಂದು ದಾರಿ. ನೇರವಾಗಿ ಒಳಗೆ ನೋಡುವುದು ಇನ್ನೊಂದು.

ಹಳೆಯ ಟೆಸ್ಟು, ಹೊಸ ಟೆಸ್ಟು

ಮಲದಲ್ಲಿ ರಕ್ತ ಹುಡುಕುವ ಹಳೆಯ ಪರೀಕ್ಷೆ ಗ್ವಾಯಾಕ್ ಕಾರ್ಡು. ಗ್ವಾಯಾಕ್ ಒಂದು ಮರದ ಅಂಟು. ಕಾರ್ಡಿನ ಮೇಲೆ ಮಲ ಸವರಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ, ರಕ್ತ ಇದ್ದಲ್ಲಿ ನೀಲಿ ಬಣ್ಣ ಬರುತ್ತದೆ. ಅಗ್ಗದ್ದು. ಸಾವು ತಪ್ಪಿಸುತ್ತದೆ ಎಂದು ಮೊದಲು ಸಾಬೀತಾದದ್ದೂ ಇದೇ. ಅಮೆರಿಕದ ಮಿನ್ನೆಸೋಟ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನಿಂದ ಆಗುವ ಸಾವು ಮೂರರಲ್ಲಿ ಒಂದು ಭಾಗ ಕಡಿಮೆಯಾಗಿತ್ತು.

ಆದರೆ ಈ ಕಾರ್ಡಿಗೆ ಮನುಷ್ಯನ ರಕ್ತ, ಕುರಿಯ ರಕ್ತ ಎಂಬ ಭೇದ ಗೊತ್ತಿಲ್ಲ. ಹಿಂದಿನ ದಿನ ಮಟನ್ ತಿಂದಿದ್ದರೂ, ಲಿವರ್ ಫ್ರೈ ತಿಂದಿದ್ದರೂ, ಹಸಿ ಮೂಲಂಗಿ ತಿಂದಿದ್ದರೂ ನೀಲಿ ತೋರಿಸಬಹುದು. ಉಲ್ಟಾ ತೊಂದರೆಯೂ ಇದೆ. ವಿಟಮಿನ್ ಸಿ ಜಾಸ್ತಿ ಇದ್ದರೆ ರಕ್ತ ಇದ್ದರೂ ಬಣ್ಣ ಬಾರದೆ ಹೋಗಬಹುದು. ಕಿತ್ತಳೆ ಕಾಲದಲ್ಲಿ ಕೊಡಗಿನವರಿಗೆ ಕಿತ್ತಳೆ ತಿನ್ನಬೇಡಿ ಅಂತ ಹೇಳಿ, ಅವರು ಕೇಳುತ್ತಾರೆ ಅಂತ ನಂಬಬೇಕು! ಕೊಕ್ಕೆಹುಳು ಇರುವವರಲ್ಲಿ ಸಣ್ಣ ಕರುಳಿನಿಂದ ಸೋರುವ ರಕ್ತವೂ ಇದರ ಲೆಕ್ಕಕ್ಕೆ ಸೇರಬಹುದು. ಬರಿಗಾಲಲ್ಲಿ ತೋಟದ ಕೆಲಸ ಮಾಡುವವರಲ್ಲಿ ಇದನ್ನು ಮರೆಯುವಂತಿಲ್ಲ. ಇಂದು ಹೊಸದಾಗಿ ಶುರು ಮಾಡುವವರಿಗೆ ಗ್ವಾಯಾಕ್ ಬೇಡವೇ ಬೇಡ. ಅಗ್ಗ ಅನ್ನುವುದು ಕಾರಣವಾಗಬಾರದು.

ಅದರ ಜಾಗಕ್ಕೆ ಬಂದದ್ದು ಫೀಕಲ್ ಇಮ್ಯುನೊಕೆಮಿಕಲ್ ಟೆಸ್ಟ್, ಚಿಕ್ಕದಾಗಿ ಫಿಟ್. ಇದು ಮನುಷ್ಯನ ಹಿಮೋಗ್ಲೋಬಿನ್ನಿನಲ್ಲಿರುವ ಗ್ಲೋಬಿನ್ ಎಂಬ ಪ್ರೊಟೀನನ್ನು ಮಾತ್ರ ಹಿಡಿಯುತ್ತದೆ. ಹೊಟ್ಟೆ ಅಥವಾ ಸಣ್ಣ ಕರುಳಿನಲ್ಲಿ ಸೋರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿ ಹೋಗುವುದರಿಂದ, ಪಾಸಿಟಿವ್ ಬಂದರೆ ಹೆಚ್ಚಾಗಿ ದೊಡ್ಡ ಕರುಳಿನದ್ದೇ. ಪಥ್ಯ ಇಲ್ಲ. ಕಡ್ಡಿಯನ್ನು ಮಲಕ್ಕೆ ಅಲ್ಲಲ್ಲಿ ಚುಚ್ಚಿ ಬಾಟಲಿಗೆ ಹಾಕಿ ಮುಚ್ಚಿದರೆ ಮುಗಿಯಿತು. ಒಂದು ಸಲದ ಪರೀಕ್ಷೆಯಲ್ಲಿ ಇರುವ ಕ್ಯಾನ್ಸರ್‌ಗಳ ಪೈಕಿ ನಾಲ್ಕರಲ್ಲಿ ಮೂರನ್ನೋ, ಐದರಲ್ಲಿ ನಾಲ್ಕನ್ನೋ ಹಿಡಿಯುತ್ತದೆ. ದೊಡ್ಡ ಪಾಲಿಪ್‌ಗಳಲ್ಲಿ ಹಿಡಿಯುವುದು ಮೂರು-ನಾಲ್ಕಕ್ಕೆ ಒಂದನ್ನು ಮಾತ್ರ. ಹಾಗಾಗಿ ಒಂದು ಸಲ ಮಾಡಿ ಫೋಟೊ ತೆಗೆಸಿಕೊಂಡು ಹೋದರೆ ಪ್ರಯೋಜನ ಇಲ್ಲ. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಅದೇ ಜನರಿಗೆ ಮತ್ತೆ ಮಾಡಬೇಕು. ಫಿಟ್‌ನ ಶಕ್ತಿ ಇರುವುದೇ ಮತ್ತೆ ಮತ್ತೆ ಮಾಡುವುದರಲ್ಲಿ.

ಫಿಟ್‌ನಲ್ಲೂ ಎರಡು ಜಾತಿ. ಒಂದು, ಗರ್ಭ ಪರೀಕ್ಷೆಯ ಕಿಟ್ಟಿನ ಥರ ಗೆರೆ ಮೂಡುವ ಕ್ಯಾಸೆಟ್. ಸ್ಥಳದಲ್ಲೇ ಉತ್ತರ ಸಿಗುತ್ತದೆ. ಆದರೆ ಎಷ್ಟು ರಕ್ತಕ್ಕೆ ಗೆರೆ ಮೂಡಬೇಕು ಎನ್ನುವುದನ್ನು ಕಂಪನಿಯೇ ನಿಗದಿ ಮಾಡಿರುತ್ತದೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ಇನ್ನೊಂದು, ಲ್ಯಾಬಿನ ಯಂತ್ರ ಓದುವ ಫಿಟ್. ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಇದೆ ಅಂತ ಅಂಕಿ ಕೊಡುತ್ತದೆ. ಎಷ್ಟಕ್ಕೆ ಪಾಸಿಟಿವ್ ಅನ್ನಬೇಕು ಎಂದು ಕಾರ್ಯಕ್ರಮ ನಡೆಸುವವರೇ ತೀರ್ಮಾನಿಸಬಹುದು. ಜಿಲ್ಲೆಯ ಮಟ್ಟದಲ್ಲಿ ಗಂಭೀರವಾಗಿ ಯೋಚಿಸುವವರು ಎರಡನೆಯದನ್ನೇ ಕೇಳಬೇಕು. ಯಾಕೆ ಅನ್ನುವುದಕ್ಕೆ ನೆದರ್ಲೆಂಡ್ಸ್ ನೋಡಿ.

ಅವರು 2014ರಲ್ಲಿ 55ರಿಂದ 75ರವರಿಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಫಿಟ್ ಕಿಟ್ ಕಳಿಸಲು ಶುರು ಮಾಡಿದರು. ಪಾಸಿಟಿವ್ ಅನ್ನುವ ಗಡಿ ಅಂಕಿ ಗ್ರಾಂಗೆ 15 ಮೈಕ್ರೋಗ್ರಾಂ ಇತ್ತು. ಶುರುವಿನಲ್ಲೇ ಎಣಿಸಿದ್ದಕ್ಕಿಂತ ತುಂಬ ಜಾಸ್ತಿ ಪಾಸಿಟಿವ್ ಬಂತು, ಸುಮ್ನೆ ಕೊಲೊನೊಸ್ಕೋಪಿಗೆ ಹೋಗಿ ಏನೂ ಇಲ್ಲ ಎಂದು ಬಂದವರೂ ಜಾಸ್ತಿಯಾದರು, ಸರದಿ ಬೆಳೆಯಿತು. ಅದೇ ವರ್ಷದ ಮಧ್ಯದಲ್ಲಿ ಗಡಿಯನ್ನು 47ಕ್ಕೆ ಏರಿಸಿದರು. ನಲ್ಲಿ ತಿರುಗಿಸಿದ ಹಾಗೆ. ಇಂಗ್ಲೆಂಡ್ 2019ರಲ್ಲಿ ಗ್ವಾಯಾಕ್ ಬಿಟ್ಟು ಫಿಟ್‌ಗೆ ಬಂದಾಗ ಗಡಿಯನ್ನು 120ಕ್ಕೆ ಇಟ್ಟಿತು. ಸ್ಕಾಟ್ಲೆಂಡ್ 2017ರಲ್ಲಿ 80 ಇಟ್ಟಿತ್ತು. ಅಷ್ಟು ಶ್ರೀಮಂತ ದೇಶಗಳೂ ಕೊಲೊನೊಸ್ಕೋಪಿ ಎಷ್ಟು ಮಾಡಬಲ್ಲೆವು ಅಂತ ನೋಡಿಕೊಂಡೇ ಗಡಿ ಆರಿಸಿವೆ. ಕ್ಯಾಸೆಟ್ ಕೊಂಡವರಿಗೆ ಈ ನಲ್ಲಿ ಸಿಗುವುದಿಲ್ಲ.

ಎಲ್ಲರಿಗೂ ನೇರವಾಗಿ ಕೊಲೊನೊಸ್ಕೋಪಿ?

ಇದು ‘ಚಿನ್ನದಂಥ’ ಪರೀಕ್ಷೆ ಅನ್ನುತ್ತಾರೆ. ಕ್ಯಾಮೆರಾ ಇರುವ ನಳಿಕೆ ಇಡೀ ದೊಡ್ಡ ಕರುಳನ್ನು ನೋಡುತ್ತದೆ, ಪಾಲಿಪ್ ಕಂಡರೆ ಅಲ್ಲೇ ತೆಗೆಯಬಹುದು, ಸರಿ ಇದ್ದರೆ ಹತ್ತು ವರ್ಷ ನಿಶ್ಚಿಂತೆ. ಜರ್ಮನಿ 2002ರಿಂದ ಇದನ್ನು ತಪಾಸಣೆಯಾಗಿ ಕೊಡುತ್ತಿದೆ. ಅಮೆರಿಕದಲ್ಲೂ ಇದೇ ಹೆಚ್ಚು. ಅಲ್ಲಿ 2021ರಿಂದ 45ಕ್ಕೇ ತಪಾಸಣೆ ಶುರು ಮಾಡಿ ಅನ್ನುತ್ತಾರೆ.

ಆದರೆ ಕರೆದರೆ ಜನ ಬರುತ್ತಾರಾ? ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕೊಲೊನೊಸ್ಕೋಪಿಗೆ ಕರೆದವರಲ್ಲಿ ಬಂದವರು 42 ಶೇಕಡಾ. ಹತ್ತು ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಬರುವ ಸಂಭವ ಕರೆಯದವರಲ್ಲಿ 1.20 ಶೇಕಡಾ ಇದ್ದರೆ ಕರೆದವರಲ್ಲಿ 0.98. ಲಾಭ ಇದೆ, ಆದರೆ ನಾವು ಊಹಿಸಿದಷ್ಟು ಇಲ್ಲ. 2025ರಲ್ಲಿ ಸ್ಪೇನ್‌ನ ಅಧ್ಯಯನ ಇನ್ನೊಂದು ಮಾತು ಹೇಳಿತು. ಎರಡು ವರ್ಷಕ್ಕೊಮ್ಮೆ ಫಿಟ್‌ಗೆ ಕರೆದ ಗುಂಪು, ಒಂದೇ ಸಲ ಕೊಲೊನೊಸ್ಕೋಪಿಗೆ ಕರೆದ ಗುಂಪಿಗಿಂತ ಸಾವಿನ ಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಫಿಟ್‌ಗೆ ಬಂದವರೇ ಜಾಸ್ತಿ ಇದ್ದರು.

ಅಪಾಯವನ್ನೂ ಹೇಳಬೇಕು. ಹತ್ತು ಸಾವಿರ ತಪಾಸಣೆ ಕೊಲೊನೊಸ್ಕೋಪಿಯಲ್ಲಿ ಮೂರು-ನಾಲ್ಕು ಮಂದಿಗೆ ಕರುಳಿಗೆ ತೂತು ಆಗುತ್ತದೆ, ಹದಿನೈದರಷ್ಟು ಮಂದಿಗೆ ದೊಡ್ಡ ರಕ್ತಸ್ರಾವ ಆಗುತ್ತದೆ. ಕಾಯಿಲೆ ಇರುವವರಿಗೆ ಇದು ಸಣ್ಣ ಮಾತು. ಏನೂ ತೊಂದರೆ ಇಲ್ಲದ ಆರೋಗ್ಯವಂತರನ್ನು ಕರೆದು ಮಾಡುವಾಗ ಸಣ್ಣ ಮಾತಲ್ಲ.

ಈಗ ಕೊಡಗಿನ ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 5.54 ಲಕ್ಷ. 50ರಿಂದ 69ರವರು ಒಂದು ಲಕ್ಷ ಅಂತ ಹಿಡಿಯೋಣ. ಇದು ಜನಗಣತಿಯ ಅಂಕಿ ಅಲ್ಲ, ಲೆಕ್ಕ ಸುಲಭವಾಗಲಿ ಅಂತ ಇಟ್ಟದ್ದು. ಎಲ್ಲರಿಗೂ ಹತ್ತು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಅಂದರೆ ವರ್ಷಕ್ಕೆ ಹತ್ತು ಸಾವಿರ. ಅದರಲ್ಲಿ ನಲವತ್ತು ಶೇಕಡಾ ಬಂದರೂ ನಾಲ್ಕು ಸಾವಿರ. ವರ್ಷಕ್ಕೆ 250 ಕೆಲಸದ ದಿನ ಎಂದರೆ ದಿನಕ್ಕೆ 16. ಅದೇ ಫಿಟ್ ಆದರೆ, ಎರಡು ವರ್ಷಕ್ಕೊಮ್ಮೆ, ಅರ್ಧ ಜನ ಒಪ್ಪಿದರೆ ವರ್ಷಕ್ಕೆ 25 ಸಾವಿರ ಕಿಟ್. ನೂರಕ್ಕೆ ಐದು ಪಾಸಿಟಿವ್ ಅಂದರೆ 1,250 ಕೊಲೊನೊಸ್ಕೋಪಿ. ದಿನಕ್ಕೆ ಐದು. ದಿನಕ್ಕೆ ಐದು ಅಂದರೆ ಒಬ್ಬ ತಜ್ಞರು, ಒಂದು ಕೋಣೆ, ಇಬ್ಬರು ನರ್ಸ್ ಇದ್ದರೆ ಆಗುವ ಮಾತು. ದಿನಕ್ಕೆ 16 ಆಗದ ಮಾತು. ಉಳಿದ ಕಾಯಿಲೆಯವರಿಗೂ ಅದೇ ಕೋಣೆ ಬೇಕಲ್ಲ?

ಹಾಗಾಗಿ ಜಿಲ್ಲೆಯ ಮಟ್ಟದಲ್ಲಿ ಎಲ್ಲರಿಗೂ ಕೊಲೊನೊಸ್ಕೋಪಿ ಎನ್ನುವ ಆಯ್ಕೆ ಇಲ್ಲಿಗೇ ಮುಗಿಯಿತು. ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳುವವರ ವಿಷಯ ಬೇರೆ.

ಬಸ್ಸು, ಘಾಟಿ ಮತ್ತು ಭೇದಿ ಔಷಧಿ

ಯಾವ ಮಾರ್ಗದರ್ಶಿಯಲ್ಲೂ ಬರೆಯದ, ಆದರೆ ಕೊಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇದು. ಕೊಲೊನೊಸ್ಕೋಪಿಗೆ ಮೊದಲು ಕರುಳು ಪೂರ್ತಿ ಖಾಲಿಯಾಗಬೇಕು. ಎರಡರಿಂದ ನಾಲ್ಕು ಲೀಟರ್ ಔಷಧಿ ನೀರು ಕುಡಿಯಬೇಕು. ಈಗಿನ ಪದ್ಧತಿಯಲ್ಲಿ ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ಬೆಳಗ್ಗೆ. ಹೀಗೆ ಮಾಡಿದರೇ ಕರುಳು ಚೆನ್ನಾಗಿ ತೊಳೆದು ಪಾಲಿಪ್ ಕಾಣುವುದು.

ಪರೀಕ್ಷೆ ಮೈಸೂರಿನಲ್ಲಿ ಇದೆ ಅಂದುಕೊಳ್ಳಿ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಂಗಳೂರಾದರೆ ಸಂಪಾಜೆ ಘಾಟಿ ಇಳಿದು ಇನ್ನೂ ಸ್ವಲ್ಪ ಜಾಸ್ತಿ. ಜಿಲ್ಲೆಯಲ್ಲಿ ರೈಲು ಇಲ್ಲ. ಬೆಳಗ್ಗೆ ಐದಕ್ಕೆ ಔಷಧಿ ಕುಡಿದು ಆರಕ್ಕೆ ಬಸ್ ಹತ್ತಿದವರ ಪಾಡು ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮಲಗಿಸುವ ಇಂಜೆಕ್ಷನ್ ಕೊಟ್ಟರೆ ಜೊತೆಗೆ ಒಬ್ಬರು ಇರಲೇಬೇಕು. ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ, ಹಿಂದಿನ ರಾತ್ರಿ ಲಾಡ್ಜ್ ಮಾಡಿದರೆ ಎರಡು ದಿನದ್ದು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹಲವು ಕುಟುಂಬಕ್ಕೆ ಒಂದೇ ಕಕ್ಕಸು ಇದ್ದರೆ ರಾತ್ರಿಯೆಲ್ಲ ಔಷಧಿ ಕುಡಿದು ಅಲ್ಲಿ ಇರುವುದೂ ಕಷ್ಟ. ಮಳೆಗಾಲದಲ್ಲಿ ರಸ್ತೆಯನ್ನು ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ರಸ್ತೆ ಕಡಿದದ್ದು ಎಲ್ಲರಿಗೂ ನೆನಪಿದೆ.

ಆದ್ದರಿಂದ ಕಾರ್ಯಕ್ರಮದ ದುಡ್ಡು ಮೊದಲು ಕಿಟ್ಟಿಗಲ್ಲ, ಕೊಲೊನೊಸ್ಕೋಪಿ ಮಡಿಕೇರಿಯಲ್ಲೇ ಆಗುವುದಕ್ಕೆ ಹೋಗಬೇಕು. ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಿಂದ ಅಲ್ಲಿದೆ. ವಾರಕ್ಕೆ ಎಷ್ಟು ಜನರಿಗೆ ತಪಾಸಣೆಯ ಸಲುವಾಗಿ ಸಮಯ ಕೊಡಬಹುದು ಎಂದು ಅಲ್ಲಿಂದಲೋ, ಬೇರೆ ಆಸ್ಪತ್ರೆಯಿಂದಲೋ ಬರವಣಿಗೆಯಲ್ಲಿ ಪಡೆಯಿರಿ. ಆ ಅಂಕಿ ಕೈಗೆ ಬಂದ ಮೇಲೆ ಹಿಂದಕ್ಕೆ ಲೆಕ್ಕ ಹಾಕಿ. ವಾರಕ್ಕೆ ಎರಡು ಅಂದರೆ ವರ್ಷಕ್ಕೆ ನೂರು. ನೂರಕ್ಕೆ ಐದು ಪಾಸಿಟಿವ್ ಲೆಕ್ಕದಲ್ಲಿ ಎರಡು ಸಾವಿರ ಕಿಟ್. ಅದಕ್ಕಿಂತ ಒಂದೂ ಜಾಸ್ತಿ ಹಂಚಬೇಡಿ. ರೋಗಿಗೆ ಉಳಿಯಬೇಕಾಗಿ ಬಂದರೆ ಹಿಂದಿನ ರಾತ್ರಿ ವಾರ್ಡಿನಲ್ಲೇ ಹಾಸಿಗೆ ಕೇಳಿ. ಸಣ್ಣ ಬೇಡಿಕೆ, ದೊಡ್ಡ ಉಪಕಾರ.

ಉಳಿದ ಆಯ್ಕೆಗಳು, ಬೇಗ ಬೇಗ

ಸಿಗ್ಮೊಯ್ಡೊಸ್ಕೋಪಿ ಕರುಳಿನ ಕೊನೆಯ ಭಾಗವನ್ನಷ್ಟೇ ನೋಡುತ್ತದೆ. ಎನಿಮಾ ಸಾಕು. ಬ್ರಿಟನ್ನಿನ ಅಧ್ಯಯನದಲ್ಲಿ ಒಂದೇ ಸಲಕ್ಕೆ ಸಾವು 31 ಶೇಕಡಾ ಇಳಿದಿತ್ತು, ಒಳ್ಳೆಯ ಫಲಿತಾಂಶವೇ. ಇಂಗ್ಲೆಂಡ್ 2013ರಲ್ಲಿ 55 ಆದವರಿಗೆ ಇದನ್ನು ಶುರು ಮಾಡಿ, ಕೋವಿಡ್ ಸಮಯದಲ್ಲಿ ನಿಲ್ಲಿಸಿ, ಮತ್ತೆ ತೆರೆಯಲಿಲ್ಲ. ಫಿಟ್ ಸಾಕು ಅಂದರು. ಸಿಟಿ ಸ್ಕ್ಯಾನಿನ ಕೊಲೊನೊಗ್ರಫಿಗೂ ಕರುಳು ತೊಳೆಯಬೇಕು, ಗಂಟು ಕಂಡರೆ ಮತ್ತೆ ಕೊಲೊನೊಸ್ಕೋಪಿಯೇ. ಮಲದ ಡಿಎನ್ಎ ಪರೀಕ್ಷೆ ಕ್ಯಾನ್ಸರನ್ನು ಫಿಟ್‌ಗಿಂತ ಚೆನ್ನಾಗಿ ಹಿಡಿಯುತ್ತದೆ, ಸುಳ್ಳು ಪಾಸಿಟಿವ್ ಕೂಡ ಜಾಸ್ತಿ, ಬೆಲೆ ತುಂಬ ಜಾಸ್ತಿ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ರಕ್ತ ಪರೀಕ್ಷೆ ಕ್ಯಾನ್ಸರ್ ಇದ್ದರೆ ನೂರಕ್ಕೆ 83 ಹಿಡಿಯುತ್ತದೆ, ಅಪಾಯದ ಪಾಲಿಪ್ ಇದ್ದರೆ ನೂರಕ್ಕೆ 13 ಮಾತ್ರ. ಕ್ಯಾನ್ಸರ್ ಬರದಂತೆ ತಡೆಯಬೇಕು ಎನ್ನುವವರಿಗೆ ಅದು ಕೆಲಸಕ್ಕೆ ಬಾರದು. ‘ಪ್ಯಾಕೇಜ್’ನಲ್ಲಿ ಸಿಇಎ ಎಂಬ ರಕ್ತ ಪರೀಕ್ಷೆ ಇಟ್ಟು ಕ್ಯಾನ್ಸರ್ ತಪಾಸಣೆ ಎಂದು ಮಾರುವುದನ್ನಂತೂ ನಂಬಬೇಡಿ. ಅದು ಚಿಕಿತ್ಸೆ ಆದವರನ್ನು ಗಮನಿಸಲು ಬಳಸುವಂಥದ್ದು.

ಯಾರಿಂದ ಶುರು ಮಾಡುವುದು?

ನನ್ನ ಅಭಿಪ್ರಾಯ ಕೇಳಿದರೆ, ಕೊಡಗಿನಲ್ಲಿ ಫಿಟ್ ಮೊದಲು ಆರೋಗ್ಯವಂತರ ತಪಾಸಣೆಗೇ ಬೇಡ. ತೊಂದರೆ ಇದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಿಗೆ ಬಳಸಿ. ಬ್ರಿಟನ್ನಿನಲ್ಲಿ ಈಗ ಹೀಗೆ ಮಾಡುತ್ತಾರೆ. ಮಲ ಹೋಗುವ ರೀತಿ ಬದಲಾದವರು, ಕಬ್ಬಿಣದ ಅಂಶ ಇಳಿದು ರಕ್ತಹೀನತೆ ಆದವರು, ಕಾರಣ ಇಲ್ಲದೆ ತೂಕ ಇಳಿದವರು ಬಂದರೆ ಮೊದಲು ಫಿಟ್. ಇಂಥವರಿಗೆ ಗಡಿ ತಪಾಸಣೆಗೆ ಇಟ್ಟ 120 ಅಲ್ಲ, 10. ಯಾರನ್ನು ಮೊದಲು ಕೊಲೊನೊಸ್ಕೋಪಿಗೆ ಕಳಿಸಬೇಕು ಎಂದು ಅದರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ರಕ್ತಹೀನತೆ ಅಂದರೆ ಐರನ್ ಮಾತ್ರೆ, ಹುಳದ ಮಾತ್ರೆ ಕೊಟ್ಟು ಕಳಿಸುವ ರೂಢಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ, ಗಂಡಸರಿಗೆ ಯಾವ ವಯಸ್ಸಿನಲ್ಲೇ ಆಗಲಿ, ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಕರುಳನ್ನು ಯೋಚಿಸಲೇಬೇಕು. ಫಿಟ್ ನೆಗೆಟಿವ್ ಬಂದರೂ ರಕ್ತ ಬೀಳುವುದು ನಿಲ್ಲದಿದ್ದರೆ ಅಲ್ಲಿಗೆ ಬಿಡಬಾರದು. ವೈದ್ಯರು ಬೆರಳು ಹಾಕಿ ನೋಡುವ ಪರೀಕ್ಷೆಗೆ ನಾಚಬೇಡಿ. ನಮ್ಮ ದೇಶದಲ್ಲಿ ಗುದನಾಳದ ಕ್ಯಾನ್ಸರಿನ ಪಾಲು ದೊಡ್ಡದು, ಕೆಳಗೇ ಇದ್ದರೆ ಬೆರಳಿಗೇ ಸಿಗುತ್ತದೆ.

ಎರಡನೆಯ ಸಾಲು ಕುಟುಂಬದಲ್ಲಿ ಕ್ಯಾನ್ಸರ್ ಇದ್ದವರದು. ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಲ್ಲಿ ಒಬ್ಬರಿಗೆ 60ರೊಳಗೆ ಬಂದಿದ್ದರೆ, 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಫಿಟ್ ಅಲ್ಲ, ನೇರ ಕೊಲೊನೊಸ್ಕೋಪಿ. ಐದು ವರ್ಷಕ್ಕೊಮ್ಮೆ. ಒಕ್ಕದವರು, ಅಂದರೆ ಒಂದೇ ವಂಶದ ಕೊಡವರು, ಪೂರ್ವಿಕರ ಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಇದನ್ನು ಕೇಳಿ ಬರೆದಿಡಲು ಒಳ್ಳೆಯ ಅವಕಾಶ ಇದೆ. ಆದರೆ ಒಕ್ಕ ತಂದೆಯ ಕಡೆಯದು. ಲಿಂಚ್ ಸಿಂಡ್ರೋಮ್‌ನಂಥ ವಂಶದ ದೋಷ ತಾಯಿಯ ಕಡೆಯಿಂದಲೂ ಅಷ್ಟೇ ಬರುತ್ತದೆ. ತಾಯಿಯ ತವರಿನವರನ್ನೂ ಕೇಳಿ. ಗರ್ಭಕೋಶದ ಕ್ಯಾನ್ಸರ್ ಇತ್ತೇ ಎಂದೂ ಕೇಳಿ, ಲಿಂಚ್‌ನಲ್ಲಿ ಅದೂ ಬರುತ್ತದೆ.

ಈ ಎರಡು ಸಾಲು ಸರಿಯಾಗಿ ನಡೆದು, ಕೊಲೊನೊಸ್ಕೋಪಿಯ ಸರದಿ ಬೆಳೆಯದೆ ಇದ್ದರೆ, ಆಗ ಮೂರನೆಯದು: ಒಂದೋ ಎರಡೋ ಪಂಚಾಯಿತಿಯಲ್ಲಿ 50 ದಾಟಿದ ಎಲ್ಲರಿಗೂ ಫಿಟ್. 75ರ ನಂತರ ಬೇಡ.

ಕಿಟ್ ಕೊಡುವುದು ಹೇಗೆ

ನೆದರ್ಲೆಂಡ್ಸ್‌ನಂತೆ ಅಂಚೆಯಲ್ಲಿ ಕಳಿಸುವುದು ಇಲ್ಲಿ ಹೊಂದುವುದಿಲ್ಲ. ತೋಟದ ಮನೆಗಳು ದೂರ ದೂರ, ಆದಿವಾಸಿ ಹಾಡಿಗಳ ವಿಳಾಸಕ್ಕೆ ಕಾಗದ ಸರಿಯಾಗಿ ತಲುಪುವುದೂ ಕಷ್ಟ. ಜಪಾನ್ 1992ರಿಂದ 40 ದಾಟಿದವರಿಗೆ ವರ್ಷಕ್ಕೊಮ್ಮೆ ಫಿಟ್ ಮಾಡುತ್ತಿದೆ. ಅಲ್ಲಿ ಊರಿನ ಆಡಳಿತ ಮತ್ತು ಕೆಲಸ ಕೊಡುವವರು ವರ್ಷದ ಆರೋಗ್ಯ ತಪಾಸಣೆಯ ಜೊತೆ ಇದನ್ನು ಸೇರಿಸುತ್ತಾರೆ. ಇದು ನಮಗೆ ಹತ್ತಿರದ್ದು. ಊರಿನಲ್ಲಿ ಆಶಾ, ತೋಟದಲ್ಲಿ ರೈಟರ್ (ತೋಟದ ಗುಮಾಸ್ತ), ನಿವೃತ್ತ ಸೈನಿಕರಿಗೆ ಅವರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್. ರೈಟರ್ ಕೈಯಲ್ಲಿ ಕಿಟ್ ಕೊಡಿಸಬಹುದು, ಫಲಿತಾಂಶ ಮಾತ್ರ ಅವರ ಕೈಗೆ ಹೋಗಬಾರದು. ಕಾಯಿಲೆ ಇದೆಯಂತೆ ಎಂದು ಕೆಲಸ ತಪ್ಪಿದರೆ ಮುಂದಿನ ವರ್ಷ ಒಬ್ಬರೂ ಬಾಟಲಿ ತಂದುಕೊಡುವುದಿಲ್ಲ. ಅಸ್ಸಾಂ, ಬಂಗಾಳದಿಂದ ಬಂದ ಕಾರ್ಮಿಕರಿಗೆ ಹಿಂದಿಯಲ್ಲೂ ಬಂಗಾಳಿಯಲ್ಲೂ ಚಿತ್ರ ಸಮೇತ ಚೀಟಿ ಬೇಕು. ಭಾರತೀಯ ಶೈಲಿಯ ಕಕ್ಕಸಿನಲ್ಲಿ ಮಲ ನೀರಿಗೆ ಸೇರುವ ಮೊದಲೇ ಹಿಡಿಯಲು ಹಳೆ ಪೇಪರ್ ಹಾಸಿಕೊಳ್ಳಿ ಎಂದು ತೋರಿಸಿಕೊಡಿ. ಎಲ್ಲರೂ ಎಡವುವುದು ಇಲ್ಲೇ.

ಸೆಖೆಯಲ್ಲಿ ಮಾದರಿಯ ಹಿಮೋಗ್ಲೋಬಿನ್ ಕರಗುತ್ತದೆ. ಇಟಲಿಯಲ್ಲಿ ಬೇಸಿಗೆಯಲ್ಲಿ ಪಾಸಿಟಿವ್ ಕಡಿಮೆಯಾದದ್ದು ಇದರಿಂದಲೇ. ಮಡಿಕೇರಿಯ ತಂಪು ನಂಬಿ ಕೂರಬೇಡಿ. ಬಾಟಲಿ ಏಪ್ರಿಲ್‌ನಲ್ಲಿ ಮೈಸೂರಿನ ಲ್ಯಾಬಿಗೆ ಬಸ್ಸಿನ ಡಿಕ್ಕಿಯಲ್ಲಿ ಹೋದರೆ? ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ತಡೆಯುತ್ತದೆ ಎಂದು ಕಿಟ್ ಕೊಳ್ಳುವ ಮೊದಲೇ ಕೇಳಿ, ಐಸ್ ಡಬ್ಬಿ ಇಡಿ.

ತಿಂಗಳು ಆರಿಸುವಾಗ ಮಳೆ ಮತ್ತು ಕುಯ್ಲು ಎರಡನ್ನೂ ನೋಡಿ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರ್ ಕೊನೆಗೆ ಕಿಟ್ ಹಂಚಿದರೆ, ಅಕ್ಟೋಬರಿನಲ್ಲಿ ಫಲಿತಾಂಶ, ಅರೇಬಿಕಾ ಕಾಫಿ ಕುಯ್ಲು ಬಿರುಸಾಗುವ ಮೊದಲು ಕೊಲೊನೊಸ್ಕೋಪಿ. ಡಿಸೆಂಬರಿಗೆ ಜಾರಿದರೆ ಪುತ್ತರಿ ಹಬ್ಬ, ಆಮೇಲೆ ರೋಬಸ್ಟಾ ಕುಯ್ಲು. ಆಗ ಕರೆದರೆ ಮಾಲೀಕನೂ ಬರುವುದಿಲ್ಲ, ಕೆಲಸದವರೂ ಬರುವುದಿಲ್ಲ, ಪಾಸಿಟಿವ್ ಚೀಟಿ ಮಾರ್ಚ್‌ವರೆಗೆ ಕಪಾಟಿನಲ್ಲೇ ಇರುತ್ತದೆ.